ಒಂದು ಮೊರ ತೌಡು

ಶಕ ೧೮೫೪, ಆಂಗೀರಸ ಸಂವತ್ಸರ, ಚೈತ್ರ ಶುದ್ಧ ದಶಮಿ, ಶುಕ್ರವಾರ, ಅಂದರೆ ಕ್ರಿ.ಶ. ೧೯೩೨ರ ಏಪ್ರಿಲ್ ೧೫. ಆಧಾರ: ಸಂತಪುರದ ನಮ್ಮ ಮನೆಯಲ್ಲಿ ಅಜ್ಜ ಬಳಸುತ್ತಿದ್ದ ಆ ವರ್ಷದ ಪಂಚಾಂಗ. ಚೈತ್ರದ ಪುಟದ ಬಲ ಅಂಚಿನಲ್ಲಿ ಅವರ ಇಕ್ಕಟ್ಟಾದ ಅಕ್ಷರಗಳಲ್ಲಿ ಹೀಗಿದೆ: ‘ರಮಣಾಕ್ಕೆ ಬೆಂಕಿ ಬಿತ್ತು. ಬಣವಿ ಹೋಯಿತು. ಮಂದಿ, ಎತ್ತು, ಬೆಕ್ಕು ಕ್ಷೇಮ.’

ರಮಣಾ ಎಂದರೆ ನಿಜಾಮ ಸರಕಾರದವರು ಹುಲ್ಲಿಗಾಗಿ ಕಾಯ್ದಿಟ್ಟ ಬಯಲು. ಅಜ್ಜ ಮುಹೂರ್ತ ನೋಡುವವರಲ್ಲ. ಬಸವಣ್ಣನವರ ಮಾತನ್ನು ನಂಬಿದ್ದ ಅವರಿಗೆ ಎಲ್ಲ ವಾರವೂ ಒಂದೇ. ಪಂಚಾಂಗವನ್ನು ಅವರು ಕೊಳ್ಳುತ್ತಿದ್ದುದು ಅದರ ಅಗಲವಾದ ಅಂಚುಗಳಿಗಾಗಿ. ಮಳೆ ಬಂದದ್ದು, ಎಮ್ಮೆ ಈದದ್ದು, ನೆಂಟರು ಬಂದು ಎಷ್ಟು ದಿನವಾದರೂ ಹೋಗದೆ ಉಳಿದದ್ದು, ಎಲ್ಲವೂ ಅಲ್ಲಿದೆ. ಮೇಲಿನ ತಾರೀಖನ್ನು ನಾನು ಇನ್ನೆರಡು ಕಡೆ ತಾಳೆ ನೋಡಿದ್ದೇನೆ. ಔರಾದಿನ ಸರಕಾರಿ ಕಚೇರಿಯ ಹಳೆಯ ಕಾಗದಗಳಲ್ಲಿ ಈ ಬೆಂಕಿಯ ಬಗ್ಗೆ ನಾಲ್ಕು ಸಾಲಿನ ಉರ್ದು ವರದಿಯಿದೆ. ಅದರ ದಿನ, ನಿಜಾಮ ಸರಕಾರದ ವರ್ಷದ ಎಣಿಕೆಯಾದ ಫಸಲಿ ೧೩೪೧ರ ಖುರ್ದಾದ್ ತಿಂಗಳಿನದು, ಪಂಚಾಂಗಕ್ಕಿಂತ ಒಂದು ದಿನ ಮುಂದಿದೆ. ಅದು ಬಹುಶಃ ವರದಿ ಬರೆದ ದಿನ, ಬೆಂಕಿ ಬಿದ್ದ ದಿನವಲ್ಲ. ಇನ್ನೊಂದು ಆಧಾರ ಬಾಯಿಮಾತಿನದು. ‘ಬಕ್ರೀದ್ ಎರಡ್ ದಿನ ಇತ್ತು ನೋಡವಾ’ ಎಂದು ಒಬ್ಬಳು ನನಗೆ ಎಷ್ಟೋ ಸಲ ಹೇಳಿದ್ದಳು. ಆ ವರ್ಷದ ಬಕ್ರೀದನ್ನು ಲೆಕ್ಕ ಹಾಕಿ ನೋಡಿದರೆ ಏಪ್ರಿಲ್ ಹದಿನೇಳು ಬರುತ್ತದೆ. ಹೀಗೆ ಸರಕಾರಿ ವರದಿ ಒಂದು ದಿನ ತಪ್ಪಿತು. ಒಂದಕ್ಷರ ಓದಲು ಬಾರದವಳ ಮಾತು ಪಂಚಾಂಗಕ್ಕೆ ಸರಿಯಾಗಿ ಕೂಡಿತು. ಈ ಬರಹ ಅವಳನ್ನು ಕುರಿತದ್ದು.

ಅವಳನ್ನು ಇಡೀ ಊರು ಖಾಲಾ ಎನ್ನುತ್ತಿತ್ತು. ಉರ್ದುವಿನಲ್ಲಿ ಖಾಲಾ ಎಂದರೆ ಚಿಕ್ಕಮ್ಮ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ, ಅದರಲ್ಲಿ ಬೆಕ್ಕು ನುಸುಳುವಷ್ಟು ಕಿಂಡಿ. ಅವಳ ಗಂಡ ರಮಣಾದ ಕಾವಲುಗಾರನಾಗಿದ್ದು, ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಆಮೇಲೆ ಅವಳು ಅದೇ ರಮಣಾದಲ್ಲಿ ಪರವಾನಗಿಯ ಮೇಲೆ ಹುಲ್ಲು ಕೊಯ್ದು, ಪೆಂಡಿ ಕಟ್ಟಿ, ಔರಾದಿನ ಅಧಿಕಾರಿಗಳ ಕುದುರೆಗಳಿಗೆ ಮಾರಿ ನಾಲ್ಕು ಗಂಡುಮಕ್ಕಳನ್ನು ಬೆಳೆಸಿದಳು. ನಾಲ್ಕೂ ಉಳಿದಿದ್ದವು. ಈ ಕೊನೆಯ ಮಾತೇ ನಮ್ಮ ಮನೆಯವರು ಅವಳ ಬಾಗಿಲಿಗೆ ಹೋಗಲು ಕಾರಣ.

ನನಗಿಂತ ಮೊದಲು ಅವ್ವನಿಗೆ ಹುಟ್ಟಿದ ಮೂವರು ವರ್ಷ ತುಂಬುವ ಮೊದಲೇ ಹೋಗಿದ್ದರು. ಹೀಗೆ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಮಕ್ಕಳು ಉಳಿದ ಮನೆಯವರಿಗೆ ಮಾರುವುದು ನಮ್ಮ ಸೀಮೆಯ ರೂಢಿ. ಕೂಸನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲಾಚೆ ಇಡುತ್ತಾರೆ; ಕೊಳ್ಳುವವರು ಒಂದು ಮೊರ ತೌಡು ಸುರಿದು ಅದನ್ನು ಎತ್ತಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಕೂಸು ಹೆತ್ತವರ ಬಳಿಯೇ ಬೆಳೆದರೂ, ಅದು ಬೇರೆಯವರದು, ಇಲ್ಲಿ ಸಾಕಲು ಬಿಟ್ಟದ್ದು ಎಂಬ ಲೆಕ್ಕ. ಆ ಮನೆಯ ಮಕ್ಕಳನ್ನೇ ಹುಡುಕಿಕೊಂಡು ಬರುವ ಕೇಡು ಬಾಗಿಲಲ್ಲಿ ಇಣುಕಿ, ಇದು ಈ ಮನೆಯದಲ್ಲ ಎಂದು ಹೊರಟುಹೋಗುತ್ತದೆ. ಐದು ವರ್ಷ ತುಂಬಿದ ಮೇಲೆ ಹೆತ್ತವರು ಒಂದು ಮೊರ ಕಾಳು ಕೊಟ್ಟು ಕೂಸನ್ನು ಬಿಡಿಸಿಕೊಳ್ಳಬೇಕು. ಅಲ್ಲಿಯತನಕ ಅದರ ಮೇಲೆ ಕೊಂಡವರ ಮಾತೇ ಮಾತು. ಬಹಳ ಮನೆಗಳಲ್ಲಿ ಇದು ಆಡುವ ಮಾತಷ್ಟೇ. ಖಾಲಾ ಮಾತ್ರ ಅದನ್ನು ಅಕ್ಷರಶಃ ನಂಬಿದಳು.

ವ್ಯಾಪಾರದ ದಿನದ ಕಥೆಯನ್ನು ಅವ್ವ ಹೇಳುತ್ತಿದ್ದಳು. ಅವಳು ಒಳಗೆ ಬಾಣಂತಿಯ ಹಾಸಿಗೆಯಲ್ಲಿ ಮಲಗಿದ್ದಾಳೆ. ಹೊರಗೆ ಖಾಲಾ ಮೊರದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸಂತೆಯಲ್ಲಿ ಕರು ನೋಡುವಂತೆ ನನ್ನ ಕೈಕಾಲು ಎಳೆದು ನೋಡುತ್ತಿದ್ದಾಳೆ.

‘ಎಷ್ಟ್ ಹೇಳ್ತೀರಿ ಅಣ್ಣಾರ?’

‘ರೂಢಿ ಇದ್ದಷ್ಟು, ತಂಗಿ. ಒಂದ್ ಮೊರ,’ ಎಂದರು ಅಜ್ಜ.

‘ಒಂದ್ ಮೊರಾ? ಮಾಲ್ ನೋಡ್ರಿ ಸ್ವಲ್ಪ. ಇಲಿಮರಿ ಇದ್ದಂಗ ಅದ. ಮ್ಯಾಲ ಕರ್ರಗ. ಅರ್ಧ ಮೊರ ಕೊಡ್ತೇನಿ.’

‘ನಿನ್ನ ಹೊಟ್ಟ್ಯಾಗ ನಾಕೂ ಗಂಡು ಹುಟ್ಯಾವ. ಹೆಣ್ಣು ಬೇಕಂದ್ರ ಎಲ್ಲಿ ಸಿಗ್ತದ ಹೇಳು.’

‘ಅದೂ ಖರೇನ ಅದ ಬಿಡ್ರಿ,’ ಎಂದು ಖಾಲಾ ಮೊರದ ತುಂಬ ತೌಡು ಸುರಿದಳು. ಅದರ ಮೇಲೆ ಇನ್ನೆರಡು ಹಿಡಿ ಹಾಕಿ, ‘ನಾಳಿ ಕಡಿಮಿ ಬಿತ್ತಂತ ತಕರಾರ್ ತೆಗಿಬ್ಯಾಡ್ರಿ. ಮಾಲು ನಂದಾಯ್ತು’ ಎಂದಳು. ಒಳಗಿದ್ದ ಅವ್ವನಿಗೆ, ಮೂರು ಕೂಸುಗಳನ್ನು ಕಳೆದುಕೊಂಡವಳಿಗೆ, ನಗು ಬಂತಂತೆ. ನಕ್ಕರೆ ಕೇಡು ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳಂತೆ.

ಅವಳ ರೂಪ ನನಗೆ ತುಂಡುತುಂಡಾಗಿ ನೆನಪಿದೆ. ಎತ್ತರದ ಹೆಂಗಸು. ಮೊಣಕೈಯಿಂದ ಕೆಳಗೆ ಹುಲ್ಲಿನ ಅಲಗು ಗೀರಿದ ಸಣ್ಣ ಬಿಳಿ ಗೆರೆಗಳು, ಸ್ಲೇಟಿನ ಮೇಲೆ ಯಾರೋ ಲೆಕ್ಕ ಮಾಡಿ ಅಳಿಸಿದಂತೆ. ಸೊಂಟಕ್ಕೆ ಕುಡುಗೋಲು, ತಲೆಯ ಮೇಲೆ ಬಟ್ಟೆಯ ಸಿಂಬಿ. ಹೊರೆ ಇಲ್ಲದಾಗಲೂ ಸಿಂಬಿ ತೆಗೆಯುತ್ತಿರಲಿಲ್ಲ. ತೆಗೆದರೆ ತಲೆ ಹಗುರಾಗಿ ಕೆಟ್ಟ ವಿಚಾರಗಳು ಬರುತ್ತವೆ ಎನ್ನುವಳು. ಒಂದು ಹುಲ್ಲುಕಡ್ಡಿ ಕಚ್ಚಿ ನೋಡಿ, ಇದು ಹಳ್ಳದ ದಂಡೆಯದು, ಇದು ಗುಡ್ಡದ್ದು ಎಂದು ಹೇಳಬಲ್ಲವಳಾಗಿದ್ದಳು. ಔರಾದಿನಲ್ಲಿ ಒಬ್ಬ ಜವಾನ ಪೆಂಡಿ ಹಸಿಯಿದೆ ಎಂದು ತಕರಾರು ತೆಗೆದಾಗ, ‘ಕುದುರಿನ್ನ ಕೇಳ್ರಿ ಸಾಹೇಬ್ರ, ನಡಕ ನೀವ್ಯಾಕ ತಿನ್ನಾಕ ಹೋಗ್ತೀರಿ?’ ಎಂದವಳು.

ಪ್ರತಿ ಶುಕ್ರವಾರ ಅವಳು ನನ್ನನ್ನು ತಪಾಸಣೆ ಮಾಡಲು ಬರುತ್ತಿದ್ದಳು. ಕಂಕುಳಲ್ಲಿ ಕೈ ಕೊಟ್ಟು ಎತ್ತಿ ತೂಕ ನೋಡುವಳು, ಬಾಯಿ ತೆರೆಸಿ ಹಲ್ಲು ನೋಡುವಳು, ಕಿವಿಯ ಹಿಂದೆ ತಿಕ್ಕಿ ಮಣ್ಣು ಬಂದರೆ ಅವ್ವನ ಕಡೆ ತಿರುಗುವಳು. ‘ನನ್ನ ಮಾಲಿಗಿ ಎಣ್ಣಿ ಹಚ್ಚಿಲ್ಲ ಯಾಕವಾ? ಸಾಕಾಕ ಕೊಟ್ಟೇನಿ, ಬಾಡಸಾಕಲ್ಲ.’ ಅವ್ವ ತಲೆತಗ್ಗಿಸಿ ಎಣ್ಣೆಯ ಬಟ್ಟಲು ತರುವಳು. ಮನೆಯಲ್ಲಿ ಅಜ್ಜನ ಮಾತಿಗೂ ಇಷ್ಟು ಬೇಗ ಎಣ್ಣೆ ಬರುತ್ತಿರಲಿಲ್ಲ.

ಅವಳು ನನ್ನ ಬಳಿ ಬರಿಗೈಯಲ್ಲಿ ಬಂದದ್ದಿಲ್ಲ. ಸೀತಾಫಲ, ಹಸಿ ಶೇಂಗಾ, ಹುಣಸೆ, ತೆನೆಯಲ್ಲೇ ಇರುವ ಎಳೆಜೋಳ. ಇವೆಲ್ಲವೂ ಸಿಪ್ಪೆಯಿರುವ, ಬೆಂಕಿ ಮುಟ್ಟದ ಪದಾರ್ಥಗಳೆಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ನಮ್ಮ ಮನೆಯಲ್ಲಿ ಹೊರಗೆ ಬೇಯಿಸಿದ್ದನ್ನು ತಿನ್ನುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗವನ್ನೇ ಅವಳು ಬರಗೊಡಲಿಲ್ಲ.

ಬೆಂಕಿಯ ದಿನ ನಾವು ಊರ ಮನೆಯಲ್ಲಿರಲಿಲ್ಲ. ಊರಿನಿಂದ ಎರಡು ಮೈಲು ದೂರದ ನಮ್ಮ ಹೊಲದಲ್ಲಿ ಜೋಳದ ರಾಶಿ ನಡೆದಿತ್ತು. ಕಣದ ಪಕ್ಕದ ಗುಡಿಸಲಿನಲ್ಲಿ ಅಜ್ಜ, ಅವ್ವ, ನಾನು, ಎರಡು ತಿಂಗಳ ತಮ್ಮ ಇದ್ದೆವು. ಅವ್ವ ಹೆರಿಗೆಗೆಂದು ತವರೂರಾದ ಭಾಲ್ಕಿಗೆ ಹೋಗಿದ್ದು, ಯುಗಾದಿಯ ಹೊಸ್ತಿಲಲ್ಲಷ್ಟೇ ಮರಳಿದ್ದಳು. ಅಪ್ಪ ಬೀದರಿನ ಸರಕಾರಿ ಶಾಲೆಯಲ್ಲಿ ಮಾಸ್ತರರಾಗಿ ಅಲ್ಲೇ ಇರುತ್ತಿದ್ದರು. ಖಾಲಾಳ ಗಂಡುಮಕ್ಕಳು ಹಬ್ಬದ ಸಂತೆಗೆಂದು ಬೀದರಿಗೆ ಹೋಗಿದ್ದರು. ಆಳುಗಳು ಊಟಕ್ಕೆ ಊರಿಗೆ ಹೋದ ಮಧ್ಯಾಹ್ನದ ಹೊತ್ತು.

ಸ್ಥಳವನ್ನು ಸ್ಪಷ್ಟವಾಗಿ ಹೇಳಬೇಕು. ಕಣದ ಪಡುವಣಕ್ಕೆ ರಮಣಾ, ಗಾಳಿಯೂ ಆ ಕಡೆಯಿಂದಲೇ. ಬಡಗಣ ಅಂಚಿನಲ್ಲಿ ಜೋಳದ ಕಣಿಕೆಯ ದೊಡ್ಡ ಬಣವಿ. ಅದರಾಚೆ ಊರಿಗೆ ಹೋಗುವ ಬಂಡಿದಾರಿ, ದಾರಿಯ ಎರಡೂ ಬದಿಗೆ ಊರ ದನ ಮೇಯುವ ಗಾಯರಾಣದ ಒಣಹುಲ್ಲು. ಮೂಡಣಕ್ಕೆ ಕೊಯ್ದು ಮುಗಿದ ನಮ್ಮ ಹೊಲ, ಕೂಳೆ ಮತ್ತು ರವದಿ ಎನ್ನುವ ಒಣ ಎಲೆ. ಅದರ ತುದಿಗೆ ನೀರಿಲ್ಲದ ಮರಳಿನ ಹಳ್ಳ.

ಮೊದಲು ಕಂಡದ್ದು ಹದ್ದುಗಳು. ರಮಣಾದ ಮೇಲೆ ಒಂದೇ ಕಡೆ ಸುತ್ತುತ್ತಿದ್ದವು. ಆಮೇಲೆ ಎರಡು ಮೊಲ ನಮ್ಮ ಕಣವನ್ನೇ ದಾಟಿ ಓಡಿದವು. ಹೊಗೆ ಕಂಡದ್ದು ಅದಾದ ಮೇಲೆ. ಅಜ್ಜ ಬಂಡಿ ಹೂಡಿದರು. ಅವ್ವ ತಮ್ಮನನ್ನು ಕಟ್ಟಿಕೊಂಡು ಹತ್ತಿ ಕೂತಳು, ನನ್ನನ್ನು ಎತ್ತಿ ಹಿಂದೆ ಕೂಡಿಸಿದರು. ಆಗ ಗಾಯರಾಣದ ಕಡೆಯಿಂದ ಖಾಲಾ ಓಡಿಬಂದಳು. ತಲೆಯ ಮೇಲೆ ಹೊರೆಯೂ ಇಲ್ಲ, ಸಿಂಬಿಯೂ ಇಲ್ಲ.

‘ಅಣ್ಣಾರ, ಬಂಡಿ ಎಲ್ಲಿಗಿ?’

‘ಊರಿಗಿ. ನೀನೂ ಹತ್ತು, ಲಗೂ.’

‘ಆ ಹಾದ್ಯಾಗ? ಎರಡೂ ಕಡಿ ನಡಮಟ ಹುಲ್ಲು ನಿಂತದ್ರಿ. ನಾ ಈಗ ಅಲ್ಲಿಂದೇ ಬಂದೇನಿ. ಗಾಳಿ ಬೆಂಕಿ ಬೆನ್ನಿಗಿ ಅದ. ಎತ್ತಿನಕಿಂತ ಬೆಂಕಿ ಜೋರ್ ಓಡ್ತದ.’

‘ಮತ್ತ ಇಲ್ಲೇ ಕುಂತು ಸಾಯಬೇಕೇನು?’

‘ನಿಮ್ಮ ಹೊಲಕ್ಕ ನಾವೇ ಹಚ್ಚೋಣ್ರಿ, ಹಳ್ಳದ ಕಡಿ ಹೋಗ್ತದ. ಸುಟ್ಟ ನೆಲದ ಮ್ಯಾಲ ನಿಲ್ಲೋಣು. ಉಂಡಿಟ್ಟ ತಾಟಿನ್ಯಾಗ ಬೆಂಕಿ ತಿರಗಿ ಕೈ ಹಾಕಂಗಿಲ್ಲ.’

ಇಲ್ಲಿ ಅಜ್ಜನ ತಪ್ಪನ್ನು ಅರ್ಥಮಾಡಿಕೊಳ್ಳಲು ನಮ್ಮ ಕಣದ ಕಟ್ಟಳೆಗಳು ತಿಳಿದಿರಬೇಕು. ಕಣದೊಳಗೆ ಚಪ್ಪಲಿ ಮೆಟ್ಟುವುದಿಲ್ಲ. ರಾಶಿ ‘ಮುಗಿಯಿತು’ ಎನ್ನುವುದಿಲ್ಲ. ರಾಶಿಯ ಎದುರು ಕಿಡಿ ಕಾಣಬಾರದೆಂದು ಚಿಲುಮೆ ಸೇದುವವನು ಸಹ ಬದುವಿನಾಚೆ ಹೋಗಬೇಕು. ನಮ್ಮ ಅಡುಗೆಯ ಒಲೆಯೂ ಬದುವಿನಾಚೆಯೇ ಇತ್ತು. ಮುಹೂರ್ತ ನಂಬದ ಅಜ್ಜ ಇದನ್ನು ನಂಬಿದ್ದರು.

‘ರಾಶಿ ಮುಂದ ಬೆಂಕಿ ಹಚ್ಚತಾರೇನ್ ತಂಗಿ? ಉಣ್ಣೋ ಅನ್ನ ಅದು. ನನ್ನ ಕೈಲೆ ಆಗೂದಿಲ್ಲ.’

‘ಕೈ ನಂದು ಇರ್ಲಿ.’

‘ಹೊಲ ನಂದದ.’

ಖಾಲಾ ಬಂಡಿಯ ಹಿಂದಕ್ಕೆ ಬಂದು, ಶುಕ್ರವಾರದ ತಪಾಸಣೆಯಲ್ಲಿ ಎತ್ತುವಂತೆಯೇ ಕಂಕುಳಲ್ಲಿ ಕೈ ಕೊಟ್ಟು ನನ್ನನ್ನು ಕೆಳಗಿಳಿಸಿದಳು. ಅದು ಶುಕ್ರವಾರವೇ ಆಗಿತ್ತು.

‘ಹೊಲ ನಿಮ್ಮದು, ಎತ್ತು ನಿಮ್ಮದು, ಬಂಡಿ ನಿಮ್ಮದು. ಹೋಗ್ರಿ. ಈ ಮಾಲು ನಂದು. ಒಂದ್ ಮೊರ ತೌಡು ಕೊಟ್ಟು ತಗೊಂಡೇನಿ. ಇದನ್ನ ಆ ಹಾದ್ಯಾಗ ನಾ ಕಳಸಂಗಿಲ್ಲ.’

ಮುಂದಿನದನ್ನು ಅವ್ವ ಬಂಡಿಯ ಮೇಲಿನಿಂದ ನೋಡಿದಳು. ಅಜ್ಜ ಖಾಲಾಳನ್ನು ದಿಟ್ಟಿಸಿ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಖಾಲಾ ಕಣ್ಣು ಕೆಳಗೆ ಮಾಡಲಿಲ್ಲ. ಅಜ್ಜ ತೆರೆದ ಬಾಯಿ ಮುಚ್ಚಿಕೊಂಡರು. ಬಂಡಿಯಿಂದ ಇಳಿದರು. ನೊಗದ ಹಗ್ಗ ಬಿಚ್ಚುತ್ತ, ‘ಹಚ್ಚು’ ಎಂದರು.

ಖಾಲಾ ಒಲೆಯಲ್ಲಿದ್ದ ಉರಿಯುವ ಕುಳ್ಳನ್ನು ಹುಲ್ಲಿನ ಹಿಡಿಯಲ್ಲಿ ಸುತ್ತಿ, ಕಣದ ಮೂಡಣ ಅಂಚಿಗುಂಟ ಎಳೆದುಕೊಂಡು ಓಡಿದಳು. ನಮ್ಮ ಹೊಲ ಹೊತ್ತಿ, ಗಾಳಿಯ ಜೊತೆ ನಮ್ಮಿಂದ ದೂರ ಹಳ್ಳದತ್ತ ಓಡಿತು. ಅಜ್ಜ ರಾಶಿಯ ಮೇಲೆ ಮಣ್ಣು ಎರಚಿದರು. ಅವ್ವ ಕುಡಿಯುವ ನೀರಿನಲ್ಲಿ ಎರಡು ಕಂಬಳಿ ಅದ್ದಿದಳು. ನಾನು ಮಾಡಿದ ಕೆಲಸ ಅಳುವುದು: ನನ್ನ ಬೆಕ್ಕು ಮೂರು ಮರಿಗಳೊಡನೆ ಬಣವಿಯ ಬುಡದಲ್ಲಿತ್ತು. ಖಾಲಾ ಬೈಯುತ್ತಲೇ ಬಣವಿಯೊಳಗೆ ಭುಜದವರೆಗೆ ಕೈ ಹಾಕಿದಳು. ‘ಬೆಕ್ಕು ತನ್ನ ಮರೀಗಿ ಏಳ್ ಮನಿ ತೋರಸ್ತದಂತ. ಇಕಾ, ಏಳನೇದು ನನ್ನ ಸೆರಗು.’ ಮೂರು ಮರಿಗಳು ಅವಳ ಸೆರಗಿಗೆ ಬಂದವು. ತಾಯಿಬೆಕ್ಕು ಅವಳ ಮುಂಗೈ ಬಗೆದು, ಆಮೇಲೆ ಅವಳ ಹಿಂದೆಯೇ ಓಡಿಬಂತು.

ಸುಟ್ಟ ನೆಲ ಅಂಗಾಲಿಗೆ ಕಾದ ಹಂಚಿನಂತಿತ್ತು. ಎತ್ತುಗಳನ್ನು ಅದರ ಮೇಲೆ ಹೊಡೆದು, ನಾವು ನಾಲ್ವರು ಮತ್ತು ಕೂಸು ಒದ್ದೆ ಕಂಬಳಿ ಹೊದ್ದು ಕುಳಿತೆವು. ಬೆಂಕಿ ಬಂದ ಸದ್ದು ನೂರು ಬಂಡಿ ಒಮ್ಮೆಲೇ ಕಲ್ಲಿನ ಮೇಲೆ ಹೋದಂತೆ. ‘ಮಾರಿ ನೆಲಕ್ಕ ಹಚ್ರಿ, ತೆಳಗ ಗಾಳಿ ಅದ,’ ಎನ್ನುತ್ತಿದ್ದಳು ಖಾಲಾ. ಬಣವಿ ಹೊತ್ತಿದಾಗ ಕಂಬಳಿಯೊಳಗೂ ಬೆಳಕಾಯಿತು. ಅಷ್ಟೇ ನನಗೆ ನೆನಪಿರುವುದು.

ಎಲ್ಲ ತಣ್ಣಗಾದ ಮೇಲೆ ಅಜ್ಜ ಬಂಡಿದಾರಿಯ ಕಡೆ ನಡೆದುಹೋಗಿ ಬಂದರು. ಎರಡೂ ಬದಿಯ ಹುಲ್ಲು ಊರ ಹತ್ತಿರದವರೆಗೆ ಬೂದಿಯಾಗಿತ್ತು. ದಾರಿಯ ನಡುವೆಯೂ ಬೂದಿ ಬಿದ್ದಿತ್ತು. ‘ಹಾದಿ ನೋಡ್ಕೊಂಡು ಬಂದೆ’ ಎಂದರಷ್ಟೇ. ಖಾಲಾ ಸೊಂಟದ ಸೋರೆ ಬುರುಡೆಯನ್ನು ಬಿಚ್ಚಿ ಮೊದಲು ನನಗೆ, ಆಮೇಲೆ ಅವ್ವನಿಗೆ ನೀರು ಕೊಟ್ಟಳು. ಅಜ್ಜನ ಮುಂದೆ ಬುರುಡೆಯನ್ನು ನೆಲದ ಮೇಲಿಟ್ಟು ಮುಖ ಆ ಕಡೆ ತಿರುಗಿಸಿದಳು. ಅಜ್ಜ ಎತ್ತಿ ಕುಡಿದರೆಂದು ಅವ್ವ ಹೇಳುತ್ತಿದ್ದಳು. ಪಂಚಾಂಗದಲ್ಲಿ ಈ ಬಗ್ಗೆ ಏನೂ ಇಲ್ಲ.

ಮೇವು ಹೋಗಿತ್ತು. ಮಳೆಗಾಲದವರೆಗೆ ಪ್ರತಿ ಸಂಜೆ ನಮ್ಮ ಎತ್ತುಗಳ ಮುಂದೆ ಒಂದು ಪೆಂಡಿ ಬಂದು ಬೀಳುತ್ತಿತ್ತು. ಸುಡದೆ ಉಳಿದ ಯಾವ ಮೂಲೆಯಿಂದ ತರುತ್ತಿದ್ದಳೋ ತಿಳಿಯದು. ರಾಶಿ ಉಳಿಯಿತು, ಆದರೆ ಆ ವರ್ಷವೆಲ್ಲ ನಮ್ಮ ಮನೆಯ ರೊಟ್ಟಿಗೆ ಹೊಗೆಯ ವಾಸನೆ. ತಮ್ಮ ಮೊದಲು ರುಚಿ ನೋಡಿದ ಅನ್ನ ಅದೇ ಹೊಗೆಯದು. ದೊಡ್ಡವನಾದ ಮೇಲೂ ಅವನಿಗೆ ಕಂದಿದ ರೊಟ್ಟಿಯೇ ಹೆಚ್ಚು ಸೇರುತ್ತಿತ್ತು. ಬೆಕ್ಕು ಗೋಡೆಯ ಕಿಂಡಿಯಿಂದಾಚೆ ಖಾಲಾಳ ಮನೆಯಲ್ಲೇ ಉಳಿಯಿತು.

ಆ ಮಳೆಗಾಲದ್ದೇ ಎಂದು ನಾನು ತಿಳಿದುಕೊಂಡಿರುವ ಇನ್ನೊಂದು ಚಿತ್ರವಿದೆ. ಅಜ್ಜ ಒಂದು ಮೊರ ಜೋಳ ಹಿಡಿದುಕೊಂಡು ಖಾಲಾಳ ಬಾಗಿಲಿಗೆ ಹೋಗುತ್ತಾರೆ, ಜೊತೆಗೆ ಹೊಸ ಪರಕಾರ ಉಟ್ಟ ನಾನು. ನನ್ನನ್ನು ಬಿಡಿಸಿಕೊಳ್ಳಲು. ಖಾಲಾ ಜೋಳದ ಹಿಡಿಯೊಂದನ್ನು ಮೂಗಿಗೆ ಹಿಡಿದು, ‘ಹೊಗಿ ವಾಸನಿ ಹೊಡೀತದ. ಇಂಥಾ ಜ್ವಾಳಕ್ಕ ನನ್ನ ಮಾಲು ಕೊಡಂಗಿಲ್ಲ, ಹೋಗ್ರಿ’ ಎನ್ನುತ್ತಾಳೆ. ಅಜ್ಜ ಮೊರ ಹಿಡಿದು ಹಿಂದಿರುಗುತ್ತಾರೆ. ನನ್ನನ್ನು ಬಿಡಿಸಿಕೊಳ್ಳಲೇ ಇಲ್ಲ, ನಾನು ಕೊನೆಯವರೆಗೂ ಖಾಲಾಳವಳೇ ಎಂಬ ನಂಬಿಕೆಯಲ್ಲಿ ಬೆಳೆದೆ. ಅವಳೂ ಹಾಗೆಯೇ ಹೇಳುತ್ತಿದ್ದಳು. ಅವ್ವನೂ ಹಾಗೆಯೇ ತಿಳಿದಿದ್ದಳು.

ಆ ಹಕ್ಕನ್ನು ಅವಳು ಇನ್ನೊಮ್ಮೆ ಚಲಾಯಿಸಿದಳು. ನನಗೆ ಎಂಟಾದಾಗ ಅಪ್ಪ ನನ್ನನ್ನು ಬೀದರಿಗೆ ಕರೆದೊಯ್ದು ಹೆಣ್ಣುಮಕ್ಕಳ ಶಾಲೆಗೆ ಹಾಕಬೇಕೆಂದರು. ಅಜ್ಜ ಒಪ್ಪಲಿಲ್ಲ. ಹೆಣ್ಣುಹುಡುಗಿ, ಉರ್ದು ಶಾಲೆ, ಊರು ಬೇರೆ. ಅಪ್ಪ ತಮ್ಮ ತಂದೆಯೆದುರು ಎರಡನೆಯ ಮಾತು ಆಡಿದವರಲ್ಲ. ನಾಲ್ಕನೆಯ ದಿನ ಶುಕ್ರವಾರ. ತಪಾಸಣೆಗೆಂದು ಬಂದ ಖಾಲಾಳಿಗೆ ಅವ್ವ ಸುದ್ದಿ ಹೇಳಿದಳು.

‘ಯಾರ್ನ ಕೇಳಿ ಬ್ಯಾಡ ಅಂದ್ರಿ ಅಣ್ಣಾರ?’ ಎಂದಳು ಖಾಲಾ ಪಡಸಾಲೆಗೆ ಹೋಗಿ.

‘ಯಾರ್ನ ಕೇಳಬೇಕಿತ್ತು?’

‘ಮಾಲು ಯಾರ್ದದ, ಅವರ್ನ. ನನ್ನ ಪರವಾನಗಿ ಚೀಟ್ಯಾಗ ಏನ್ ಬರ್ದಾರೋ ಅಲ್ಲಾನಿಗೇ ಗೊತ್ತು. ಇಷ್ಟ್ ವರ್ಷ ಮಂದಿ ಕೈಯಾಗ ಕೊಟ್ಟು ಮಾರಿ ನೋಡೂದಾಯ್ತು. ಮನ್ಯಾಗ ಓದೋರು ಒಬ್ಬರು ಬೇಕು. ಹೋಗ್ಲಿ ಸಾಲಿಗಿ.’

ಅಜ್ಜ ಆಗಲೂ ಏನೋ ಹೇಳಲು ಹೊರಟು ಸುಮ್ಮನಾದರು. ಆಮೇಲೆ ನಕ್ಕರು. ‘ಭಾಳ ತುಟ್ಟಿ ಬಿತ್ತು ನೋಡು ನಿನ್ನ ತೌಡು’ ಎಂದರು. ನಾನು ಬೀದರಿಗೆ ಹೋದೆ.

ಮೊದಲ ರಜೆಯಲ್ಲಿ ಊರಿಗೆ ಬಂದಾಗ ಖಾಲಾ ಕೈತೊಳೆದುಕೊಂಡು, ತಗಡಿನ ಡಬ್ಬಿಯಿಂದ ಪರವಾನಗಿಯ ಚೀಟಿ ತೆಗೆದು ನನ್ನ ಮುಂದೆ ಹಾಸಿದಳು. ನಾನು ಬೆರಳಿಟ್ಟು ಓದಿದೆ. ಅದರಲ್ಲಿ ಅವಳ ಹೆಸರಿರಲಿಲ್ಲ. ‘ಜೌಜೆ’, ಅಂದರೆ ಇಂಥವರ ಹೆಂಡತಿ, ಎಂದಿತ್ತು. ಆಮೇಲೆ ಗಂಡನ ಪೂರ್ತಿ ಹೆಸರು. ಹೇಳಲೋ ಬೇಡವೋ ಎಂದು ತಡೆದು, ಹೇಳಿದೆ.

ಖಾಲಾ ಚೀಟಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು. ‘ಅಂದ್ರ ಇಷ್ಟು ವರ್ಷ ಹುಲ್ಲು ಕೊಯ್ದಾಂವ ಅವನೇ ಅನ್ನು!’ ಎಂದು ತೊಡೆ ತಟ್ಟಿ ನಕ್ಕಳು. ‘ಇದ್ದಾಗ ಒಂದ್ ಪೆಂಡಿ ಕಟ್ಟಿದಾಂವ ಅಲ್ಲ. ಸತ್ತ ಮ್ಯಾಲ ಭಾಳ ದುಡದಾನ, ಪಾಪ.’ ನಗು ನಿಂತ ಮೇಲೆ ನನ್ನ ಕಿವಿಯ ಹತ್ತಿರ ಬಾಗಿ ತನ್ನ ಹೆಸರು ಹೇಳಿ, ಸ್ಲೇಟಿನ ಮೇಲೆ ಬರೆದು ತೋರಿಸು ಎಂದಳು. ಬರೆದೆ. ಬಹಳ ಹೊತ್ತು ನೋಡಿ, ‘ಚಂದ ಅದ’ ಎಂದು, ಸಿಂಬಿಯ ಬಟ್ಟೆಯಿಂದ ತಾನೇ ಒರೆಸಿದಳು. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಳು. ಈ ಬರಹದಲ್ಲಿ ನಾನು ಬೇಕೆಂದೇ ಬಿಟ್ಟಿರುವ ಮಾಹಿತಿ ಅದೊಂದೇ.

ಅವಳು ತೀರಿಕೊಂಡದ್ದು ಫಸಲಿ ೧೩೫೨ರ, ಅಂದರೆ ೧೯೪೩ರ ಮಳೆಗಾಲದಲ್ಲಿ. ನಾನು ಬೀದರಿನಲ್ಲಿದ್ದೆ, ಸುದ್ದಿ ನಾಲ್ಕು ದಿನ ತಡವಾಗಿ ಬಂತು. ಕೊನೆಯ ಶುಕ್ರವಾರ ಅವ್ವನನ್ನು ಕರೆಸಿ, ‘ನನ್ನ ಮಾಲು ಏನ್ ಓದಲಿಕತ್ತದ?’ ಎಂದು ಕೇಳಿದಳಂತೆ. ಅವ್ವನಿಗೆ ಹೇಳಲು ಬರಲಿಲ್ಲ. ‘ಭಾಳ ದೊಡ್ಡದು ಓದ್ತಾಳ ಖಾಲಾ’ ಎಂದಳಂತೆ. ‘ಹಂಗಿದ್ರ ತೌಡಿಗಿ ಮೋಸ ಇಲ್ಲ ಬಿಡು’ ಎಂದಳಂತೆ ಖಾಲಾ.

ಇಷ್ಟನ್ನು ನಾನು ಎರಡು ವರ್ಷಗಳ ಹಿಂದೆಯೇ ಬರೆದು ಮುಗಿಸಿದ್ದೆ. ಅಜ್ಜನ ಪಂಚಾಂಗಗಳನ್ನು ವರ್ಷಾನುಸಾರ ಜೋಡಿಸುವಾಗ ಬೆಂಕಿಯ ವರ್ಷಕ್ಕೆ ಹಿಂದಿನದು, ಶಕ ೧೮೫೩ರದು, ಇರಲಿಲ್ಲ. ಕಳೆದ ಬೇಸಿಗೆಯಲ್ಲಿ ಅದು ಭಾಲ್ಕಿಯ ಸೋದರಮಾವನ ಮನೆಯ ಹಳೆಯ ಟ್ರಂಕಿನಲ್ಲಿ ಸಿಕ್ಕಿತು. ಬಾಣಂತಿ ಅವ್ವನನ್ನು ಕರೆತರಲು ಹೋದ ಅಜ್ಜ ಅದನ್ನು ಚೀಲದಲ್ಲಿ ಒಯ್ದು, ಎರಡು ದಿನಕ್ಕೆ ವರ್ಷವೇ ಮುಗಿಯುವುದೆಂದು ಅಲ್ಲೇ ಬಿಟ್ಟುಬಂದಿರಬೇಕು. ಅದರ ಕೊನೆಯ ಪುಟದಲ್ಲಿ, ಫಾಲ್ಗುಣ ಬಹುಳ ಪಂಚಮಿ, ಭಾನುವಾರದ ಎದುರಿಗೆ, ಅವರದೇ ಇಕ್ಕಟ್ಟಾದ ಅಕ್ಷರಗಳಿವೆ: ‘ಇಂದು ಒಂದು ಮೊರ ಜೋಳ, ಒಂದು ಕುಪ್ಪಸದ ಖಣ ಕೊಟ್ಟು ಕೂಸನ್ನು ಬಿಡಿಸಿಕೊಂಡೆ. ಖಾಲಾ ಎರಡು ಹಿಡಿ ಜೋಳ ಕೂಸಿನ ಪರಕಾರದಲ್ಲಿ ಮರಳಿ ಹಾಕಿದಳು. ಲೆಕ್ಕ ಚುಕ್ತಾ.’

ಇಂಗ್ಲಿಷ್ ತಾರೀಖಿಗೆ ತಿರುಗಿಸಿದರೆ ೧೯೩೨ರ ಮಾರ್ಚ್ ೨೭ ಬರುತ್ತದೆ. ವಾರವೂ ಕೂಡುತ್ತದೆ. ಮೂರು ಸಲ ಎಣಿಸಿದ್ದೇನೆ. ಬೆಂಕಿಗೆ ಹತ್ತೊಂಬತ್ತು ದಿನ ಮೊದಲು. ಅವ್ವ ಆಗ ಭಾಲ್ಕಿಯಲ್ಲಿದ್ದಳು, ಅಪ್ಪ ಬೀದರಿನಲ್ಲಿ. ಹೊಸ ಪರಕಾರ ಉಟ್ಟಿದ್ದ ನನಗೆ ಐದು ವರ್ಷ. ನಡೆದದ್ದನ್ನು ತಿಳಿದಿದ್ದವರು ಇಬ್ಬರೇ: ಕೊಟ್ಟವರು, ಪಡೆದವಳು.

ಆದ್ದರಿಂದ ಹೊಗೆಯ ವಾಸನೆಯ ಜೋಳವನ್ನು ಅವಳು ಹಿಂದಿರುಗಿಸಿದಳೆಂಬ ನನ್ನ ನೆನಪು ದಾಖಲೆಗೆ ನಿಲ್ಲುವುದಿಲ್ಲ. ಆ ಜೋಳಕ್ಕೆ ಹೊಗೆಯ ವಾಸನೆ ಇರಲು ಸಾಧ್ಯವಿಲ್ಲ, ಅದು ಬೆಂಕಿಗೆ ಮೊದಲಿನದು. ಅವಳು ಅದನ್ನು ಸ್ವೀಕರಿಸಿದ್ದಳು. ಬಂಡಿಯಿಂದ ನನ್ನನ್ನು ಇಳಿಸಿಕೊಂಡ ದಿನ ನನ್ನ ಮೇಲೆ ಅವಳಿಗೆ ಯಾವ ಹಕ್ಕೂ ಉಳಿದಿರಲಿಲ್ಲ. ಶಾಲೆಗೆ ಕಳಿಸೆಂದ ದಿನವೂ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಲೆಕ್ಕ ಚುಕ್ತಾ ಎಂದು ಸ್ವಂತ ಕೈಯಿಂದ ಬರೆದಿದ್ದ ಅಜ್ಜನಿಗೂ ಗೊತ್ತಿತ್ತು. ಅವರು ಬಾಯಿ ತೆರೆದರು, ಮುಚ್ಚಿಕೊಂಡರು, ಬಂಡಿಯಿಂದ ಇಳಿದರು.